ತಪ್ಪೊಪ್ಪಿಗೆಯ ಪಾತ್ರ

ರಷ್ಯಾದ ಹಳೆಯ ಕಾದಂಬರಿಗಳ ಹುಚ್ಚು ಹಿಡಿದಿದ್ದ ಮೇಷ್ಟ್ರು ಜೈಲಿನ ಕೈದಿಗಳಿಗೆಂದು ಅದೇ ಧಾಟಿಯ ನಾಟಕವೊಂದನ್ನು ಬರೆದು ಕಲಿಸುತ್ತಿದ್ದರು. ಅದರಲ್ಲಿ ಕೊಲೆಗಾರನೊಬ್ಬ ಕೊನೆಗೆ ಇಡೀ ಊರಿನೆದುರು ಮಂಡಿಯೂರಿ, ತಪ್ಪೊಪ್ಪಿಕೊಂಡು ಹಗುರಾಗುತ್ತಾನೆ. ಆ ಪಾತ್ರ ನೇಕಾರನ ಪಾಲಾಯಿತು. ಹೆತ್ತ ತಾಯಿಯನ್ನೇ ಕೊಂದನೆಂದು ಜೀವಾವಧಿ ಶಿಕ್ಷೆಯಾಗಿದ್ದರೂ ‘ನಾನು ಕೊಂದಿಲ್ಲ’ ಎಂದು ಇಂದಿಗೂ ಹೇಳುತ್ತಿದ್ದವನು ಅವನು. ಅವನು ಮಂಡಿಯೂರಿದರೆ ಸಾಕು, ಕಾವಲಿಗೆ ನಿಂತ ವಾರ್ಡರ್ ಕೂಡ ಕಣ್ಣೊರೆಸಿಕೊಳ್ಳುತ್ತಿದ್ದ.

ಪೇದೆಯ ಪಾತ್ರ ಸಿಕ್ಕಿದ್ದ ಸರಗಳ್ಳನಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗಿತ್ತು. ಕಂಪನಿ ನಾಟಕಗಳಲ್ಲಿ ಬಣ್ಣ ಹಚ್ಚಿದವನು ತಾನು. ಮಗ್ಗದ ಮುಂದೆ ಕೂತಿದ್ದವನಿಗೆ ಚಪ್ಪಾಳೆಯೇ?

“ಅವನಿಗೇನ್ ಬತ್ತದೆ ಮೇಷ್ಟ್ರೇ? ಬರೀ ಅಳ್ತಾನೆ, ಅಷ್ಟೇಯ.”

“ನಿನಗೆ ಮಾತು ಬರುತ್ತೆ ಕಣಯ್ಯ. ಪಾಪ ಮಾಡಿದವನ ಸಂಕಟ ಬರಲ್ಲ.”

“ನಂಗ್ ಬರಲ್ವಾ? ನೋಡಿ!”

ಸರಗಳ್ಳ ದಡಕ್ಕನೆ ಮಂಡಿಯೂರಿದ. “ನಾನೇ ಕೊಂದಿದ್ದು! ಅಕ್ಕಿ ಆರಿಸ್ತಾ ಕೂತಿದ್ಲು. ನೀರು ಕೇಳ್ದೆ. ‘ಕುಡಿ ಮಗಾ’ ಅಂತ ಹಿತ್ತಾಳೆ ಚೊಂಬಲ್ಲಿ ತಂದ್ಕೊಟ್ಲು. ಕುಡ್ದು, ಅದೇ ಚೊಂಬಲ್ಲಿ ತಲೆಗೆ ಹೊಡ್ದೆ. ಅಕ್ಕಿಯೆಲ್ಲ ಕೆಂಪಾಗೋಯ್ತು. ಚೊಂಬನ್ನ ಪಾಳುಬಾವಿಗೆ ಎಸ್ದು ಓಡೋದೆ...” ದನಿ ಒಡೆಯಿತು. ಕಣ್ಣೀರು ತಾನಾಗಿಯೇ ಬಂತು.

ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು. “ಭಲೇ! ನಾನು ಬರೆದ ಮಾತಿಗಿಂತ ನಿನ್ನ ಮಾತೇ ಚೆನ್ನಾಗಿದೆ. ಇನ್ನು ಪಾತ್ರ ನಿನ್ನದೇ ಕಣಯ್ಯ!”

ಕೈದಿಗಳೆಲ್ಲ ಕೇಕೆ ಹಾಕಿ ಚಪ್ಪಾಳೆ ತಟ್ಟಿದರು. ಗೆದ್ದ ಮುಖ ಹೊತ್ತು ಸರಗಳ್ಳ ನೇಕಾರನತ್ತ ತಿರುಗಿದ. ನೇಕಾರ ಮಾತ್ರ ಚಪ್ಪಾಳೆ ತಟ್ಟುತ್ತಿರಲಿಲ್ಲ.

“ನಮ್ಮವ್ವನ ಚೊಂಬಿಗೆ ಪೊಲೀಸ್ನೋರು ಊರೆಲ್ಲ ಹುಡುಕಿದ್ರು,” ಎಂದ ಅವನು. “ಪಾಳುಬಾವಿ ಒಂದನ್ನ ನೋಡ್ಲಿಲ್ಲ.”