ಎಡಗೈಯ ತೂಕ

"ದೊಡ್ಡ ಸಿಲಿಂಡರೇ ತಗೊಳ್ಳಿ ಸಾರ್, ವರ್ಷವಿಡೀ ಈ ಕಡೆ ತಲೆ ಹಾಕೋದೇ ಬೇಡ," ಎಂದ ಅಕ್ವೇರಿಯಂ ಅಂಗಡಿಯವನು. ಮನೆಯ ಗಾಜಿನ ತೊಟ್ಟಿಯಲ್ಲಿ ಬೆಳೆಯುವ ಹವಳಗಳಿಗೆ ಸುಣ್ಣಕಲ್ಲು ಕರಗಿಸಿ ಉಣಿಸುವ ಯಂತ್ರಕ್ಕೆ ಸಿಲಿಂಡರಿನ ಕಾರ್ಬನ್ ಡೈಆಕ್ಸೈಡ್ ಬೇಕೇ ಬೇಕು. ಡ್ರಿಲ್ ಮೇಷ್ಟ್ರು ದೊಡ್ಡದನ್ನು ಹೂವಿನಂತೆ ಎತ್ತಿ ಇಳಿಸಿದರು. ಆಮೇಲೆ ಸಣ್ಣದನ್ನು ಎಡಗೈಯ ಎರಡೇ ಬೆರಳಲ್ಲಿ ಎತ್ತಿ, ಕಣ್ಣು ಮುಚ್ಚಿ ತೂಗಿ ನೋಡಿದರು.

"ಇದೇ ಇರ್ಲಿ."

"ಮೂರು ತಿಂಗಳಿಗೇ ಮುಗಿಯುತ್ತೆ ಸಾರ್. ನಿಮ್ಮ ರಟ್ಟೆಗೆ ದೊಡ್ಡದು ಯಾವ ಲೆಕ್ಕ?"

"ನನಗಲ್ಲಪ್ಪ. ತೊಟ್ಟಿ ನಮ್ಮನೆಯವಳದು. ಅವಳ ಕೈಲಿ ಎತ್ತೋಕಾಗ್ಬೇಕಲ್ಲ."

ಅಂಗಡಿಯವನು ದೊಡ್ಡ ಸಿಲಿಂಡರನ್ನು ಪಕ್ಕಕ್ಕೆ ಸರಿಸಿದ. ಆಕೆ ಮುನಿಸಿಕೊಂಡು ಮನೆಬಿಟ್ಟು ವರ್ಷವಾದದ್ದು ಬೀದಿಗೆಲ್ಲ ಗೊತ್ತಿತ್ತು. ಅವನು ಒಳಗೆ ಹೋಗಿ ಇನ್ನೊಂದು ಸಣ್ಣ ಸಿಲಿಂಡರ್ ತಂದ.

"ಇದಕ್ಕೆ ಹಿಡಿ ಇದೆ ಸಾರ್," ಎಂದ. "ಅಕ್ಕನ ಕೈಗೆ ಸಲೀಸು."