ಸೊಂಟದ ಕಾವಲು

“ನಿಮ್ಮ ಮನೇಲಿ ಪಿಸ್ತೂಲಿದೆಯಾ?”

ವೇಲನ್ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ದಿಟ್ಟಿಸಿ, ಮತ್ತೆ ಕಿವಿಗೆ ಹಿಡಿದ. ಮಕ್ಕಳನ್ನು ಆಟಕ್ಕೆ ಕಳಿಸುವ ಮುಂಚೆ ಹೀಗೆ ವಿಚಾರಿಸುವ ತಾಯಂದಿರಿದ್ದಾರೆಂದು ಕೇಳಿದ್ದ. ಅಂಥವಳೊಬ್ಬಳ ಮಗಳೇ ತನ್ನ ಮಗಳ ಗೆಳತಿಯಾಗಬೇಕೇ?

“ಮನೇಲಿಲ್ಲ. ನನ್ನ ಸೊಂಟದಲ್ಲಿದೆ,” ಎಂದ.

“ಹಾಗಾದ್ರೆ ಜೂನಿಯನ್ನ ಕಳಿಸೋಕಾಗಲ್ಲ. ಬೇಜಾರು ಮಾಡ್ಕೋಬೇಡಿ,” ಎಂದಳು ಫೀಬಿ. “ನಿಮ್ಮ ಹ್ಯಾಡ್ಲೀನೇ ನಮ್ಮನೆಗೆ ಬರಲಿ. ನಮ್ಮಲ್ಲಿ ಅದೆಲ್ಲ ಇಲ್ಲ.”

ಫೋನಿಟ್ಟರೂ ವೇಲನ್‌ನ ಕಿವಿ ಇನ್ನೂ ಬಿಸಿಯಾಗೇ ಇತ್ತು.

“ಅದೆಲ್ಲ ಅಂತೆ! ಮನೇಲಿ ಜಿರಳೆ ಇದೆಯಾ ಅಂತ ಕೇಳೋ ಹಾಗೆ ಕೇಳ್ತಾಳೆ.”

ಹೆಂಡತಿ ಡಾರ್ಲಾ ಮೆಕ್ಕೆಜೋಳದ ಬ್ರೆಡ್ಡಿಗೆ ಹಿಟ್ಟು ಕಲೆಸುತ್ತಿದ್ದಳು. “ತಾಯಿ ಅಲ್ವಾ, ಕೇಳ್ತಾಳೆ.”

“ನಾನು ತಂದೆ ಅಲ್ವಾ?”

“ಯಾರು ಅಲ್ಲ ಅಂದೋರು? ಬಾತ್‌ರೂಮಿಗೂ ಅದನ್ನ ಜೊತೇಲೇ ಕರ್ಕೊಂಡು ಹೋಗೋ ತಂದೆ. ನನ್ನನ್ನ ಒಂದು ಸಿನಿಮಾಕ್ಕಾದ್ರೂ ಕರ್ಕೊಂಡು ಹೋಗಿದ್ದೀಯ?”

ಅವನು ನಗಲಿಲ್ಲ. ಎರಡು ವರ್ಷದ ಹಿಂದೆ ಟಲ್ಸಾ ನಗರದ ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಒಬ್ಬ ಅವನ ಕುತ್ತಿಗೆಗೆ ಚಾಕು ಹಿಡಿದಿದ್ದ. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಹ್ಯಾಡ್ಲಿ. ವೇಲನ್ ತೆಪ್ಪಗೆ ಪರ್ಸು ಕೊಟ್ಟು, ನಡುಗುತ್ತ ನಿಂತಿದ್ದ. ಮಗಳು ಅದನ್ನು ನೋಡಿದ್ದಳು. ಆ ವಾರವೇ ಪಿಸ್ತೂಲು ಕೊಂಡ. ಅಂದಿನಿಂದ ಅದು ಪ್ಯಾಂಟಿನ ಒಳಬದಿಯ ಒರೆಯಲ್ಲಿ, ಇಳಿಬಿಟ್ಟ ಅಂಗಿಯ ಕೆಳಗೆ, ಬೆಳಗಿನಿಂದ ಮಲಗುವ ತನಕ. ಗುಂಡು ತುಂಬಿಯೇ ಇರುತ್ತಿತ್ತು. ತುಂಬದ ಪಿಸ್ತೂಲೆಂದರೆ ಬರೀ ಕಬ್ಬಿಣ ಎನ್ನುತ್ತಿದ್ದ.

ಹ್ಯಾಡ್ಲಿ ಆಮೇಲೆ ಬಹುಕಾಲ ಹೊರಗಿನವರ ಜೊತೆ ಬಾಯಿಬಿಡಲಿಲ್ಲ. ಮನೆಯಲ್ಲಿ ಅವಳದು ಒಂದೇ ಆಟ, ಬಂಕಿನ ಆಟ. ಕರಡಿಬೊಂಬೆ ಕಳ್ಳ, ಅವಳೇ ಅಪ್ಪ. ಈ ಅಪ್ಪ ಪರ್ಸು ಕೊಡುತ್ತಿರಲಿಲ್ಲ. ಬೆರಳು ಚಾಚಿ ‘ಢಂ’ ಎನ್ನುತ್ತಿದ್ದ. ಶಾಲೆಯಲ್ಲಿ ಅವಳನ್ನು ಮೊದಲು ಮಾತಾಡಿಸಿದವಳು ಜೂನಿ. ಆ ಒಂದು ಗೆಳೆತನ ಮುರಿದರೆ ಮಗಳು ಮತ್ತೆ ಮೂಕಿಯಾಗುತ್ತಾಳೆಂಬ ಭಯ ವೇಲನ್‌ಗಿತ್ತು. ಹಾಗೆಂದೇ ಹಲ್ಲು ಕಡಿದು, ಅವಳನ್ನು ಪಿಕಪ್ಪಿಗೆ ಹತ್ತಿಸಿದ.

ದಾರಿಯುದ್ದಕ್ಕೂ ಪಿಸ್ತೂಲಿನ ಹಿಡಿ ಎಂದಿನಂತೆ ಪಕ್ಕೆಲುಬಿಗೆ ಒತ್ತುತ್ತಿತ್ತು. ತಿರುವು ಬಂದಾಗಲೆಲ್ಲ ಮೊಣಕೈಯಿಂದ ಅದನ್ನು ಕೆಳಕ್ಕೆ ತಳ್ಳಿದ.

ಫೀಬಿ ಬಾಗಿಲು ತೆರೆದಳು. ಹುಡುಗಿಯರು ಕಿರುಚುತ್ತ ಒಳಗೋಡಿದರು. ಫೀಬಿಯ ಕಣ್ಣು ನೇರ ಅವನ ಅಂಗಿಯ ಅಂಚಿಗೆ ಹೋಯಿತು.

“ಈಗಲೂ ಇದೆಯಾ?”

“ಇದೆ. ಕಪಾಟಿನಲ್ಲಿ ಇಟ್ಟರೆ ಮಕ್ಕಳ ಕೈಗೆ ಸಿಗುತ್ತೆ. ನನ್ನ ಮೈಮೇಲಿದ್ರೆ ಯಾರ ಕೈಗೂ ಸಿಗಲ್ಲ.”

“ಮೈಮೇಲಿಂದ ತೆಗೆಯೋದೇ ಇಲ್ವಾ?”

“ಮಲಗೋವಾಗ ಮಾತ್ರ. ಆಗ ಬೀಗದ ಪೆಟ್ಟಿಗೇಲಿ. ಇನ್ನೇನಾದ್ರೂ ವಿಚಾರಣೆ ಇದೆಯಾ?”

“ನಾನು ವಿಚಾರಣೆ ಮಾಡ್ತಿಲ್ಲ, ವೇಲನ್. ನಂಗೆ ಭಯ ಆಗುತ್ತೆ, ಅಷ್ಟೆ.”

ತಕ್ಕ ಉತ್ತರ ಬಾಯಿಗೆ ಬರುವಷ್ಟರಲ್ಲಿ ಅವನ ಹೊಟ್ಟೆ ತೊಳಸಿತು. ಸಿಟ್ಟು ಬಂದಾಗ ಹೊಟ್ಟೆ ಕೆಡುವುದು ಚಿಕ್ಕಂದಿನಿಂದ ಬಂದ ಶನಿ. ತಡೆದು ನೋಡಿದ. ಆಗಲಿಲ್ಲ. ಬೈಯಲು ಬಂದವನು ಅದೇ ಹೆಂಗಸಿನ ಎದುರು ತಲೆ ತಗ್ಗಿಸಿ ಬಾತ್‌ರೂಮ್ ಎಲ್ಲಿ ಎಂದು ಕೇಳಬೇಕಾಯಿತು.

“ಎಡಗಡೆ ಬಾಗಿಲು. ಮಕ್ಕಳದ್ದು, ಕಾಲಿಗೆ ಆಟದ ಸಾಮಾನು ಸಿಕ್ಕೀತು,” ಎಂದಳು ಫೀಬಿ. ಅವಳ ತುಟಿಯಂಚಿನಲ್ಲಿ ನಗು ಸುಳಿಯಿತೆಂದು ಅವನಿಗನ್ನಿಸಿತು.

ಒಳಗೆ ಕೂತು ಅವನು ಕುದಿದ. ಎದುರಿಗೆ ಪುಟ್ಟ ಹಲ್ಲುಜ್ಜುವ ಬ್ರಷ್ಷು, ಕೈ ಎಟುಕಲೆಂದು ಹಾಕಿದ ಹಳದಿ ಮಣೆ, ಪ್ಲಾಸ್ಟಿಕ್ ಬಾತುಗಳ ಸಾಲು. ಅವು ಕೂಡ ತನ್ನನ್ನು ನೋಡಿ ನಗುತ್ತಿವೆ. ಒಂದು ಮಾತು ಹೇಳಬೇಕು, ಅವಳು ಜನ್ಮದಲ್ಲಿ ಮರೆಯಬಾರದು. ಹುಡುಕಿದ, ತಿರುವಿ ಹಾಕಿದ, ಮಸೆದ. ಸಿಕ್ಕಿತು! ಆರಿಹೋಗುವ ಮುಂಚೆ ಆಡಿಬಿಡಬೇಕೆಂದು ಗಡಬಡಿಸಿ ಎದ್ದು, ಬೆಲ್ಟು ಬಿಗಿದು, ಒದ್ದೆ ಕೈಯಲ್ಲೇ ಹೊರಗೆ ಬಂದ.

“ಕಳ್ಳ ನಿಮ್ಮ ಮನೆಗೆ ನುಗ್ಗಿದ ದಿನ ಅವನನ್ನೂ ಇದೇ ಪ್ರಶ್ನೆ ಕೇಳಿ, ಪಿಸ್ತೂಲಿದೆಯಾ ಅಂತ. ಆಮೇಲೆ ನನಗೆ ಫೋನ್ ಮಾಡಿ.”

ಫೀಬಿಯ ಮುಖ ಕೆಂಪಾಯಿತು. ಅವನಿಗೆ ಬೇಕಾಗಿದ್ದೂ ಅದೇ.

ಹಿಂದಿರುಗುವ ದಾರಿಯಲ್ಲಿ ವೇಲನ್ ಶಿಳ್ಳೆ ಹಾಕಿದ. ಎದೆಯ ಮೇಲಿನ ಬಂಡೆ ಸರಿದಂತಿತ್ತು. ಸೀಟಿನಲ್ಲಿ ಹಿಂದಕ್ಕೊರಗಿ ಕೂತ, ತಿರುವುಗಳಲ್ಲಿ ಮೈ ತಾನಾಗಿ ಬಾಗಿತು. ಆಡಬೇಕಾದದ್ದನ್ನು ಆಡಿದರೆ ಮೈ ಕೂಡ ಎಷ್ಟು ಹಗುರಾಗುತ್ತದೆ!

“ಮುಖ ಅರಳಿದೆಯಲ್ಲ,” ಎಂದಳು ಡಾರ್ಲಾ, ಬಿಸಿ ಬ್ರೆಡ್ಡು ಹೊರಗೆಳೆಯುತ್ತ. ಆಮೇಲೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಏನೋ, ಇವತ್ತು ತೆಳ್ಳಗೂ ಕಾಣ್ತಿದ್ದೀಯ.”

“ಹೊಟ್ಟೇಲಿದ್ದದ್ದೆಲ್ಲ ಅಲ್ಲೇ ಖಾಲಿ ಮಾಡಿ ಬಂದೆ.” ಗಹಗಹಿಸಿ ನಕ್ಕ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಫೀಬಿಯ ನಂಬರು.

“ನೋಡಿದೆಯಾ? ಕ್ಷಮೆ ಕೇಳೋಕೆ ಮಾಡ್ತಿದ್ದಾಳೆ.” ಬ್ರೆಡ್ಡಿನ ಚೂರನ್ನು ಬಾಯಿಗೆ ಹಾಕಿಕೊಂಡು, ಡಾರ್ಲಾಗೂ ಕೇಳಲೆಂದು ಸ್ಪೀಕರ್ ಒತ್ತಿದ. “ಹೇಳಿ ಮೇಡಂ, ಕಳ್ಳ ಬಂದನಾ?”

ಆ ಕಡೆಯಿಂದ ಬಂದದ್ದು ಹ್ಯಾಡ್ಲಿಯ ಪಿಸುದನಿ, ಹಿಂದೆ ಜೂನಿಯ ಕಿಲಕಿಲ ನಗು.

“ಅಪ್ಪ, ಆಂಟಿ ಹಿತ್ತಲಲ್ಲಿದ್ದಾರೆ, ಅವರಿಗೆ ಹೇಳ್ಬೇಡ. ನೀನು ಬಾತ್‌ರೂಮಲ್ಲಿ ಬಿಟ್ಟುಹೋಗಿದ್ದು ನನ್ನ ಹತ್ರ ಇದೆ, ಬಂಕಿನ ಆಟ ಆಡ್ತಿದೀವಿ. ಕಳ್ಳ ಜೂನಿ. ಅಪ್ಪ ನಾನು.”