ರೋಮನ್ ಗಡಿಗೆಯ ದನಿ

ನಲ್ಲಿ ಪೈಪಿಗೆಂದು ಅಗೆಯುತ್ತಿದ್ದ ದ್ಯಾಮವ್ವನ ಗುದ್ದಲಿಗೆ ಠಣ್ಣೆಂದು ತಾಗಿದ್ದು ನಾಣ್ಯ ತುಂಬಿದ ರೋಮನ್ ಗಡಿಗೆ! ಹಳೇ ಗಡಿಗೆಗಳೊಳಗಿನ ದನಿ ಕೇಳಿಸುವ ಸಾಹೇಬರು ಸೂಜಿಯ ಪೆಟ್ಟಿಗೆ ಹಿಡಿದು ಓಡೋಡಿ ಬಂದರು. ನಾಣ್ಯಗಳನ್ನು ಯಾರೂ ತಿರುಗಿ ನೋಡಲಿಲ್ಲ, ನಾಣ್ಯ ಮಾತಾಡುವುದಿಲ್ಲವಲ್ಲ. ಗಡಿಗೆಯಾದರೆ ಮಣ್ಣು ಹಸಿಯಿದ್ದಾಗ ಕೇಳಿಸಿಕೊಂಡದ್ದನ್ನೆಲ್ಲ ಹಾಗೇ ಇಟ್ಟುಕೊಂಡಿರುತ್ತದೆ; ತಿರುಗಿಸಿ ಸೂಜಿ ತಾಗಿಸಿದರೆ ಮತ್ತೆ ನುಡಿಯುತ್ತದೆ.

"ರೋಮನ್ನರ ಮಾತು ಈವತ್ತಿನ ತನಕ ಯಾರೂ ಕೇಳಿಲ್ಲ! ಎಲ್ಲಾರೂ ಸುಮ್ಮನಿರ್ರಿ," ಎಂದರು ಸಾಹೇಬರು.

ಸುಮ್ಮನಿರದಿದ್ದದ್ದು ಒಂದೇ ಜೀವ. ಬೇವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ದ್ಯಾಮವ್ವನ ಆರು ತಿಂಗಳ ಮಗಳು ಬೆಳಗಿನಿಂದ ಒಂದೇ ಸಮನೆ ಅಳುತ್ತಿದ್ದಳು.

"ದ್ಯಾಮವ್ವಾ, ಕೂಸಿನ್ನ ಅತ್ತಾಗ ಒಯ್ಯಿ," ಎಂದ ಮೇಸ್ತ್ರಿ.

"ನಾ ಕಂಡ ಗಡಿಗಿ ಐತ್ರೀ, ಮೊದಲ ನಾ ಕೇಳಾಕಿ!" ಜಪ್ಪಯ್ಯ ಎಂದರೂ ಅವಳು ಕದಲಲಿಲ್ಲ.

ಗಡಿಗೆ ತಿರುಗಿತು, ಸೂಜಿ ತಾಗಿತು. ಕುಂಬಾರರ ತಿಗರಿಯ ಗರಗರ, ಆಮೇಲೆ ಯಾವುದೋ ಕೂಸಿನ ಅಳು, ಅದನ್ನು ಸಂತೈಸುವ ಹೆಂಗಸೊಬ್ಬಳ ಗುನುಗು. ಅಷ್ಟೇ.

"ಒಂದೂ ಮಾತಿಲ್ಲ!" ಸಾಹೇಬರ ಮುಖ ಸಪ್ಪಗಾಯಿತು. ಸೂಜಿ ಎತ್ತಿಬಿಟ್ಟರು.

ಮರದ ಕಡೆಯಿಂದ ಮತ್ತೆ ಅಳು ಶುರುವಾಯಿತು. ಇಷ್ಟು ಹೊತ್ತು ಅದು ನಿಂತಿತ್ತೆಂದು ಎಲ್ಲರಿಗೂ ಗೊತ್ತಾದದ್ದೇ ಆಗ.

"ಸೂಜಿ ಹಚ್ರಿ ಸಾಹೇಬ್ರ!" ದ್ಯಾಮವ್ವ ಕೂಗಿದಳು. "ಆಕಿ ನನ್ನ ಕೂಸಿನ್ನ ಮಲಗಸೂದು ಇನ್ನಾ ಮುಗದಿಲ್ಲ!"